ಉಣಿಸುವವರ ನಂಬಿಕೆ, ಉಣ್ಣುವವರ ಹಸಿವು

ಪುಷ್ಯ ಮಾಸ ಬಂತೆಂದರೆ ಕೊಪ್ಪಳದ ಸುತ್ತಲಿನ ಹಳ್ಳಿಗಳಲ್ಲಿ ಹಂಚು ಆರುವುದಿಲ್ಲ. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆಂದು ಮನೆಮನೆಯಲ್ಲೂ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತದೆ. ಹಾಗೆ ಬಡಿದು, ಬೇಯಿಸಿ, ಖಡಕ್ಕಾಗುವಂತೆ ಒಣಗಿಸಿದ ರೊಟ್ಟಿಗಳನ್ನು ಬುಟ್ಟಿಗಳಲ್ಲಿ ಜೋಡಿಸಿ, ಟ್ರ್ಯಾಕ್ಟರು ಮತ್ತು ಚಕ್ಕಡಿಗಳ ಮೇಲೆ ಹೇರಿ, ಡೊಳ್ಳು ಭಜನೆಗಳ ಜೊತೆಗೆ ಊರಿಗೆ ಊರೇ ಗವಿಮಠದ ದಾರಿ ಹಿಡಿಯುತ್ತದೆ. ಅಲ್ಲಿ ರೊಟ್ಟಿಯ ಲೆಕ್ಕ ಲಕ್ಷಗಳಲ್ಲಿ ನಡೆಯುತ್ತದೆ. ರಥೋತ್ಸವ ಮುಗಿದ ಮೇಲೂ ದಿನಗಟ್ಟಲೆ ಒಲೆ ಉರಿಯುತ್ತಲೇ ಇರುತ್ತದೆ. ಬಂದವರೆಲ್ಲ ರೊಟ್ಟಿ, ಮಾದಲಿ, ಅನ್ನ, ಸಾರು ಉಂಡು ಹೋಗುತ್ತಾರೆ. ಉಂಡವರಲ್ಲಿ ಎಷ್ಟೋ ಜನ ಸೆರಗು ಸಿಕ್ಕಿಸಿಕೊಂಡು, ಟವೆಲ್ ಸುತ್ತಿಕೊಂಡು ಬಡಿಸಲಿಕ್ಕೂ ನಿಲ್ಲುತ್ತಾರೆ.

ಇದೇ ಸೀಮೆಯ ಹೆಸರು ಇನ್ನೊಂದು ಪಟ್ಟಿಯಲ್ಲಿಯೂ ಇದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಯೋಜನೆಯನ್ನು 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಆರಂಭಿಸಿದಾಗ ಮೊದಲಿಗೆ ಆಯ್ದುಕೊಂಡದ್ದು ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ಮತ್ತು ವಿಜಯಪುರವನ್ನು; ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಅದರಲ್ಲಿದ್ದವು. ಆಯ್ಕೆಗೆ ಕಾರಣ ಒಂದೇ: ಇಲ್ಲಿನ ಮಕ್ಕಳ ಅಪೌಷ್ಟಿಕತೆ ಮತ್ತು ರಕ್ತಹೀನತೆ. ಲಕ್ಷಾಂತರ ಜನರನ್ನು ಉಣಿಸಬಲ್ಲ ನೆಲವೂ, ತನ್ನ ಮಕ್ಕಳ ತೂಕ ಹೆಚ್ಚಿಸಲಾರದ ನೆಲವೂ ಒಂದೇ ಆಗಿರುವುದು ಹೇಗೆ? ನಂಬಿಕೆಯ ಬಲದಿಂದ ಹಸಿವಿನ ವಿರುದ್ಧ ನಿಲ್ಲುವವರ ನಾಯಕತ್ವವನ್ನು ಅಳೆಯುವಾಗ ಈ ಪ್ರಶ್ನೆಯನ್ನು ಬದಿಗಿಟ್ಟರೆ ಉಳಿಯುವುದು ಬರೀ ಹೊಗಳಿಕೆ, ಅಥವಾ ಬರೀ ಕುಹಕ.

ಧರ್ಮಶ್ರದ್ಧೆಯಿಂದ ಅನ್ನದಾನಕ್ಕೆ ಇಳಿದವರನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಅವರ ಕರುಣೆಯನ್ನು, ತ್ಯಾಗವನ್ನು, ಸರಳತೆಯನ್ನು ಎತ್ತಿ ಹೇಳುತ್ತೇವೆ. ಅವು ಇರಬೇಕಾದ ಗುಣಗಳೇ. ಆದರೆ ಕರುಣೆ ನಮ್ಮ ಊರುಗಳಲ್ಲಿ ಅಷ್ಟೇನೂ ವಿರಳವಾದ ವಸ್ತುವಲ್ಲ. ಬಾಗಿಲಿಗೆ ಬಂದವರಿಗೆ ಒಂದು ರೊಟ್ಟಿ ಇಲ್ಲವೆನ್ನುವ ಮನೆ ಕಡಿಮೆ. ವಿರಳವಾಗಿರುವುದು ಬೇರೆಯೇ ಒಂದು ಗುಣ. ಏನು ಉಣಿಸಬೇಕು, ಎಷ್ಟು ಉಣಿಸಬೇಕು, ಎಲ್ಲಿ, ಯಾವಾಗ, ಯಾರ ಪಕ್ಕ ಕೂರಿಸಿ ಉಣಿಸಬೇಕು ಎಂದು ತೀರ್ಮಾನಿಸುವ ಗಳಿಗೆಯಲ್ಲಿ ಉಣಿಸುವವರ ಪುಣ್ಯದ ಮಾತು ಮೇಲಾಗುತ್ತದೆಯೋ, ಉಣ್ಣುವವರ ದೇಹದ ಮಾತು ಮೇಲಾಗುತ್ತದೆಯೋ ಎಂಬುದರಲ್ಲಿ ಅದು ಕಾಣುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ನಾಯಕತ್ವಕ್ಕೆ ಇದಕ್ಕಿಂತ ಕಠಿಣವಾದ ಒರೆಗಲ್ಲು ಇಲ್ಲ.

ಈ ಒರೆಗಲ್ಲನ್ನು ಹೊರಗಿನಿಂದ ತರಬೇಕಾಗಿಯೂ ಇಲ್ಲ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರದೊಂದಿಗೆ ಹೆಸರು ಬೆಸೆದುಕೊಂಡಿರುವ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಮೆಚ್ಚಲಿಲ್ಲ, ತಡೆದಳು. ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಕೇಳಿ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಕಳಿಸಿದಳು. ಸಾಮಾನ್ಯವಾಗಿ ಈ ಪ್ರಸಂಗವನ್ನು ಆಸೆ ತೊರೆಯುವ, ಕಾಯಕನಿಷ್ಠೆಯ ಪಾಠವಾಗಿ ಓದುತ್ತಾರೆ. ಅದರಲ್ಲಿ ಒಂದು ಲೆಕ್ಕಾಚಾರವೂ ಇದೆ ಎಂಬುದನ್ನು ಮರೆಯಬಾರದು: ಇಂದು ಉಣ್ಣುವವರು ಎಷ್ಟು ಮಂದಿ, ಅವರಿಗೆ ಬೇಕಾದದ್ದು ಎಷ್ಟು ಎಂಬುದು ಲಕ್ಕಮ್ಮನಿಗೆ ಗೊತ್ತಿತ್ತು. ದಾನಿಯ ಹುಮ್ಮಸ್ಸು ಆ ಅಳತೆಯನ್ನು ಮೀರಿದಾಗ ಅದನ್ನು ಆಸೆ ಎಂದು ಗುರುತಿಸುವ ಕಣ್ಣೂ ಅವಳಿಗಿತ್ತು. ದಾಸೋಹ ಎಂಬ ಪದದಲ್ಲಿಯೇ ‘ನಾನು ದಾಸ’ ಎಂಬ ಅರ್ಥ ಅಡಗಿದೆ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ಕೆಳಗೆ ನಿಲ್ಲಬೇಕು. ಮಾತಿಗೆ ಇದನ್ನು ಎಲ್ಲರೂ ಒಪ್ಪುತ್ತಾರೆ, ಆದರೆ ಉಗ್ರಾಣದ ಬೀಗದ ಕೈ ಕೈಗೆ ಬಂದ ಮೇಲೆ ನೆನಪಿಟ್ಟುಕೊಳ್ಳುವವರು ಕಡಿಮೆ.

ಮತ್ತೆ ಗವಿಮಠಕ್ಕೆ ಬರೋಣ, ಏಕೆಂದರೆ ಅಲ್ಲಿನ ದಾಸೋಹ ಸಂಘಟನೆಯ ದೃಷ್ಟಿಯಿಂದ ಬಹಳ ಜಾಣತನದ ಏರ್ಪಾಡು. ಲಕ್ಷಾಂತರ ರೊಟ್ಟಿಗಳನ್ನು ಒಂದೇ ಅಡುಗೆಮನೆಯಲ್ಲಿ ಬೇಯಿಸಲು ಹೊರಟರೆ ಸೌದೆ, ಗ್ಯಾಸು, ಕೆಲಸಗಾರರು, ಜಾಗ ಎಲ್ಲವೂ ಸಾಲದೆ ಹೋಗುತ್ತವೆ. ಖಡಕ್ ರೊಟ್ಟಿಯ ಗುಣವೆಂದರೆ ಅದು ವಾರಗಟ್ಟಲೆ ಕೆಡುವುದಿಲ್ಲ. ಆದ್ದರಿಂದ ಒಲೆಯನ್ನು ಮಠದಲ್ಲಿಯೇ ಹೂಡಬೇಕಾಗಿಲ್ಲ. ಹಳ್ಳಿಯ ಸಾವಿರಾರು ಒಲೆಗಳೇ ಮಠದ ಒಲೆಗಳಾಗುತ್ತವೆ. ಒಣ ಬೇಸಾಯದ ಸೀಮೆಯ ಹೆಣ್ಣುಮಕ್ಕಳು ತಲೆತಲಾಂತರದಿಂದ ಬಲ್ಲ ಒಂದು ಅಡುಗೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಹೊರಗಿನಿಂದ ತಂದ ಪದಾರ್ಥವಿಲ್ಲ, ಹೊಸದಾಗಿ ಕಲಿಸಬೇಕಾದ ಕೈಕೆಲಸವೂ ಇಲ್ಲ. ಇದಕ್ಕಿಂತ ಮುಖ್ಯವಾಗಿ, ಹತ್ತು ರೊಟ್ಟಿ ಕೊಟ್ಟ ಮನೆಗೂ ಸಾವಿರ ರೊಟ್ಟಿ ಕೊಟ್ಟ ಊರಿಗೂ ದಾಸೋಹ ‘ನಮ್ಮದು’ ಎನಿಸುತ್ತದೆ. ಅಜ್ಜನ ಜಾತ್ರೆಗೆ ಕೊಟ್ಟದ್ದನ್ನು ದೇಣಿಗೆ ಎಂದು ಯಾರೂ ಕರೆಯುವುದಿಲ್ಲ, ಸೇವೆ ಎನ್ನುತ್ತಾರೆ.

ಹೀಗೆ ಕೇಳುವುದು ಸಣ್ಣ ವಿದ್ಯೆಯಲ್ಲ. ಬೇಡುವವನ ಮೇಲೆ ಊರಿಗೆ ನಂಬಿಕೆ ಇರಬೇಕು, ಬೇಡಿದ್ದು ಊರಿನ ಶಕ್ತಿಗೆ ನಿಲುಕುವಂತಿರಬೇಕು, ಕೊಟ್ಟದ್ದು ಎಲ್ಲಿಗೆ ಹೋಯಿತೆಂಬುದು ಕಣ್ಣಿಗೆ ಕಾಣಬೇಕು. ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ಸುತ್ತಿ ಮಕ್ಕಳಿಗೆ ಅನ್ನ ಒದಗಿಸಿದ ಸ್ವಾಮಿಗಳ ಪರಂಪರೆ ಕರ್ನಾಟಕಕ್ಕೆ ಹೊಸದಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದ ಬಳಿಕ ರಾಜ್ಯ ಸರ್ಕಾರ ಆ ದಿನವನ್ನು ದಾಸೋಹ ದಿನವೆಂದೇ ಘೋಷಿಸಿತು. ಗವಿಮಠದ ಇಂದಿನ ಪೀಠಾಧಿಪತಿಗಳಾದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಆ ವಿದ್ಯೆಯನ್ನು ಅನ್ನದಾಚೆಗೂ ಬಳಸಿದರು. 2019ರಲ್ಲಿ ಕೊಪ್ಪಳ ಸೀಮೆಯ ಹಿರೇಹಳ್ಳದ ಪಾತ್ರ ಜಾಲಿಮುಳ್ಳು, ಹೂಳು, ಕಸದಿಂದ ತುಂಬಿ ಹೋಗಿದ್ದಾಗ, ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಅದನ್ನು ಸ್ವಚ್ಛಗೊಳಿಸುವ ಕೆಲಸಕ್ಕೆ ಅವರು ಮೊದಲಾದರು. ದಂಡೆಯ ಹಳ್ಳಿಗಳ ಜನ ಹಿಂದೆ ಬಂದರು. ನನಗೆ ದಾಸೋಹಕ್ಕಿಂತಲೂ ಈ ಹಳ್ಳದ ಕೆಲಸವೇ ಹೆಚ್ಚು ಮಹತ್ವದ್ದಾಗಿ ಕಾಣುತ್ತದೆ. ಅನ್ನ ಬಡಿಸುವವರು ಹಸಿವಿನ ಇಂದಿನ ಹೊತ್ತನ್ನು ನೋಡುತ್ತಾರೆ. ಹಳ್ಳ ತೆರವು ಮಾಡಿಸುವವರು ಮುಂದಿನ ವರ್ಷದ ಜೋಳವನ್ನು ನೋಡುತ್ತಾರೆ. ಹಸಿವಿನ ಮೂಲ ಹೊಟ್ಟೆಯಲ್ಲಿಲ್ಲ, ಹೊಲದಲ್ಲಿ, ಕೂಲಿಯಲ್ಲಿ, ನೀರಿನ ಹಂಚಿಕೆಯಲ್ಲಿ ಇದೆ ಎಂಬ ತಿಳಿವಳಿಕೆ ಆ ಕೆಲಸದ ಹಿಂದಿತ್ತು.

ನೀರಿನ ಹಂಚಿಕೆ ಎಂದ ಕೂಡಲೇ ಈ ಭಾಗದ ದೊಡ್ಡ ವಿರೋಧಾಭಾಸ ಎದುರಾಗುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆ ರಾಜ್ಯದ ಭತ್ತದ ಕಣಜ. ಇಲ್ಲಿನ ಸೋನಾ ಮಸೂರಿ ದೂರದ ನಗರಗಳ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. 1953ರಲ್ಲಿ ಕಾಲುವೆಗಳಿಗೆ ನೀರು ಹರಿಸಿದ ತುಂಗಭದ್ರಾ ಯೋಜನೆಯ ಎಡದಂಡೆಯ ಅಚ್ಚುಕಟ್ಟು ಮುಖ್ಯವಾಗಿ ಭತ್ತಕ್ಕಿಂತ ಕಡಿಮೆ ನೀರು ಸಾಕಾಗುವ ಅರೆನೀರಾವರಿ ಬೆಳೆಗಳಿಗೆಂದು ಲೆಕ್ಕ ಹಾಕಿದ್ದಾಗಿತ್ತು. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹರಡಿದಂತೆ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆಯಂಚಿನ ರೈತನಿಗೆ ನೀರು ತಲುಪುವುದೇ ವರ್ಷ ವರ್ಷದ ಹೋರಾಟವಾಯಿತು. ಅಚ್ಚುಕಟ್ಟಿನ ಹೊರಗಿನ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ದೇವದುರ್ಗಗಳ ಬೆದ್ದಲು ಭೂಮಿಯಲ್ಲಿ ಮಳೆ ಕೈಕೊಟ್ಟರೆ ಜನ ಗುಳೆ ಹೋಗುತ್ತಾರೆ: ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಗೋವಾಕ್ಕೆ, ಮಂಗಳೂರಿನ ಕಡೆಗೆ. ಅಕ್ಕಿ ಬೆಳೆಯುವ ನಾಡಿನಲ್ಲಿ ಅಕ್ಕಿಯ ಕೊರತೆ ಇಲ್ಲ. ಅನ್ನಭಾಗ್ಯ 2013ರ ಜುಲೈಯಲ್ಲಿ ಆರಂಭವಾದ ಮೇಲೆ ಬರಿಹೊಟ್ಟೆಯಲ್ಲಿ ಮಲಗುವ ಹಸಿವು ಬಹುಮಟ್ಟಿಗೆ ಹಿಂದೆ ಸರಿದಿದೆ ಎಂದು ನಾನು ಹೇಳಬಲ್ಲೆ. ಹಿಂದೆ ಸರಿಯದೆ ಉಳಿದದ್ದು ಇನ್ನೊಂದು ಬಗೆಯ ಹಸಿವು. ಅನ್ನ ಇದೆ, ಬೇಳೆ ತೆಳ್ಳಗಿದೆ, ಹಾಲಿಲ್ಲ, ಸೊಪ್ಪು ಕಾಯಿಪಲ್ಯೆ ಸಂತೆಯ ದಿನಕ್ಕಷ್ಟೆ.

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇದು ಇಡೀ ರಾಜ್ಯದ ಸರಾಸರಿ, ಬಡ ತಾಲ್ಲೂಕುಗಳ ಚಿತ್ರ ಇದಕ್ಕಿಂತ ಹಗುರವಾಗಿರಲು ಕಾರಣವಿಲ್ಲ. 2011ರ ಸುಮಾರಿಗೆ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆಯ ವರದಿಗಳು ರಾಜ್ಯವನ್ನು ಬೆಚ್ಚಿಬೀಳಿಸಿದವು. ವಿಷಯ ಹೈಕೋರ್ಟಿನ ಮೆಟ್ಟಿಲೇರಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ ಅವರ ನೇತೃತ್ವದ ಸಮಿತಿ ಪರಿಹಾರದ ದಾರಿಗಳನ್ನು ಸೂಚಿಸಿತು. ಆ ಮಕ್ಕಳು ಯಾವ ಪಂಕ್ತಿಯಲ್ಲೂ ಕುಳಿತಿರಲಿಲ್ಲ. ಎರಡು ವರ್ಷದ ಕೂಸು ಜಾತ್ರೆಗೆ ನಡೆದು ಬಂದು ತಟ್ಟೆ ಹಿಡಿಯುವುದಿಲ್ಲ. ಅದರ ಹಸಿವು ತಾಯಿಯ ಗರ್ಭದಲ್ಲಿಯೇ, ಅವಳ ರಕ್ತದ ಕೊರತೆಯಲ್ಲಿಯೇ ಶುರುವಾಗಿರುತ್ತದೆ. ಬಂದವರಿಗೆಲ್ಲ ಉಣಿಸುವ ಔದಾರ್ಯ ಎಷ್ಟೇ ದೊಡ್ಡದಾದರೂ ಬಾರದವರ ವಿಷಯದಲ್ಲಿ ಅದಕ್ಕೆ ಕಣ್ಣು ಕಾಣದು.

ಹಸಿದವರ ಅಳತೆಯನ್ನು ಬೇರೆ ಯಾರೋ ಗೊತ್ತುಮಾಡಿದರೆ ಏನಾಗುತ್ತದೆಂಬುದಕ್ಕೆ ಬಳ್ಳಾರಿಯ ನೆಲದಲ್ಲೇ ಒಂದು ಹಳೆಯ, ಕ್ರೂರ ಉದಾಹರಣೆ ಇದೆ. ಧಾತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ನೆನಪಿಟ್ಟುಕೊಂಡಿದ್ದ 1876–78ರ ಮಹಾಕ್ಷಾಮದಲ್ಲಿ, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಖರ್ಚು ತಗ್ಗಿಸಲು ಬಂದ ಬ್ರಿಟಿಷ್ ಭಾರತ ಸರ್ಕಾರದ ಪ್ರತಿನಿಧಿ ರಿಚರ್ಡ್ ಟೆಂಪಲ್, 1877ರ ಆರಂಭದಲ್ಲಿ ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದಾಣೆಯ ಮಟ್ಟಕ್ಕೆ ಕೂಲಿಯನ್ನು ಇಳಿಸಿದ. ದಿನವಿಡೀ ಕಲ್ಲು ಒಡೆಯುವ ಮೈಗೆ ಇಷ್ಟು ಸಾಲದೆಂದು ವಾದಿಸಿದವನು ಮದರಾಸು ಸರ್ಕಾರದ ನೈರ್ಮಲ್ಯ ಆಯುಕ್ತನಾಗಿದ್ದ ಕಾರ್ನಿಷ್ ಎಂಬ ವೈದ್ಯ. ಕೆಲವು ತಿಂಗಳ ಜಗ್ಗಾಟದ ನಂತರ ಅಳತೆ ಒಂದಿಷ್ಟು ಏರಿತು, ಅಷ್ಟರಲ್ಲಿ ಅದೆಷ್ಟೋ ಜೀವಗಳು ಹೋಗಿದ್ದವು. ಟೆಂಪಲ್‌ನ ಲೆಕ್ಕ ಖಜಾನೆಯಿಂದ ಹೊರಟಿತ್ತು, ಕಾರ್ನಿಷ್‌ನ ಲೆಕ್ಕ ದೇಹದಿಂದ. ಅನ್ನ ಕೊಡುವವರ ನಡುವಿನ ಈ ಭೇದ ನಂಬಿಕೆಯ ಲೋಕದಲ್ಲೂ ಇದೆ. ಅಲ್ಲಿ ಖಜಾನೆಯ ಜಾಗದಲ್ಲಿ ಶಾಸ್ತ್ರವಿರುತ್ತದೆ, ಅಷ್ಟೆ.

ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಡುವುದನ್ನು ಕೆಲವು ಸ್ವಾಮೀಜಿಗಳು ವಿರೋಧಿಸಿದಾಗ ಎದ್ದ ಗಲಾಟೆ ಅದನ್ನೇ ತೋರಿಸಿತು. ಅದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿದ ಮೇಲೆ, ಕರ್ನಾಟಕ 2002ರ ಜೂನ್‌ನಲ್ಲಿ ಬಿಸಿಯೂಟವನ್ನು ಮೊದಲು ಆರಂಭಿಸಿದ್ದು ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದ ಉತ್ತರದ ಏಳು ಜಿಲ್ಲೆಗಳಲ್ಲಿ. ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಮಠದ ಪದ ಹೀಗೆ ಸರ್ಕಾರಿ ಕಡತ ಸೇರಿತು, ಪ್ರಸಾದವಾಗಿದ್ದದ್ದು ಹಕ್ಕಾಯಿತು. ಇನ್ನೊಂದು ಕಡೆಯಿಂದ, ಬೆಂಗಳೂರಿನ ಇಸ್ಕಾನ್ ದೇವಾಲಯದ ಭಕ್ತರು 2000ದಲ್ಲಿ ಐದು ಶಾಲೆಗಳ 1,500 ಮಕ್ಕಳಿಂದ ಆರಂಭಿಸಿದ ಅಕ್ಷಯ ಪಾತ್ರ ಸಂಸ್ಥೆ, ಮಧು ಪಂಡಿತ ದಾಸ ಅವರ ನೇತೃತ್ವದಲ್ಲಿ ದೇಶದ ಅನೇಕ ರಾಜ್ಯಗಳಿಗೆ ಬೆಳೆಯಿತು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರವಿನಿಂದ ಬಳ್ಳಾರಿ ಸೀಮೆಯ ಶಾಲೆಗಳಿಗೂ ಅದರ ದೊಡ್ಡ ಅಡುಗೆಮನೆಯೊಂದು ಊಟ ಕಳಿಸುತ್ತದೆ. ಹಬೆಯಲ್ಲಿ ಬೇಯಿಸುವ ಕೊಪ್ಪರಿಗೆಗಳು, ಯಂತ್ರಗಳು, ಬೆಳಗಿನ ಜಾವಕ್ಕೇ ಹೊರಡುವ ವಾಹನಗಳು: ಶ್ರದ್ಧೆಗೆ ಯಂತ್ರದ ಶಿಸ್ತು ಸೇರಿದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದು ಸಾಕ್ಷಿ. 2024ರಲ್ಲಿ ಆ ಸಂಸ್ಥೆ ಒಟ್ಟು 400 ಕೋಟಿ ಊಟಗಳ ಗಡಿ ದಾಟಿದ ಸಂದರ್ಭವನ್ನು ವಿಶ್ವಸಂಸ್ಥೆಯ ಆವರಣದಲ್ಲಿ ಆಚರಿಸಲಾಯಿತು. ಆಯವ್ಯಯ, ಸ್ವಚ್ಛತೆ, ಸಮಯಪಾಲನೆಗಳಲ್ಲಿ ಇಂಥ ಅಡುಗೆಮನೆಗಳಿಂದ ಕಲಿಯಬೇಕಾದದ್ದು ಬಹಳ ಇದೆ ಎಂಬುದನ್ನು ಟೀಕಾಕಾರರೂ ಒಪ್ಪಬೇಕು.

ತೊಡಕು ಬಂದದ್ದು ತಟ್ಟೆಯಲ್ಲಿ ಏನಿರಬೇಕೆಂಬ ಪ್ರಶ್ನೆಯಲ್ಲಿ. ಸಂಸ್ಥೆಯ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಅದು ಅವರ ಸಾತ್ವಿಕ ಆಹಾರದ ನಂಬಿಕೆ. ಅವನ್ನು ಬಳಸಬೇಕೆಂದು ರಾಜ್ಯ ಸರ್ಕಾರ ಹೇಳಿದಾಗ 2018–19ರಲ್ಲಿ ವಿವಾದವೆದ್ದಿತು. ಊಟ ಶಕ್ತಿ ಮತ್ತು ಪ್ರೋಟೀನಿನ ಮಾನದಂಡಕ್ಕೆ ತಕ್ಕಂತಿದೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಕಾಂಶ ಸಂಸ್ಥೆ ಅಭಿಪ್ರಾಯಪಟ್ಟಿತು; ಆಹಾರ ಹಕ್ಕಿನ ಕಾರ್ಯಕರ್ತರು, ಮಕ್ಕಳಿಗೆ ರುಚಿಸದ ಊಟ ತಟ್ಟೆಯಲ್ಲಿಯೇ ಉಳಿಯುತ್ತದೆ, ಉಳಿದ ಊಟದ ಪೌಷ್ಟಿಕಾಂಶದ ಲೆಕ್ಕ ಯಾರಿಗೆ ಬೇಕು ಎಂದು ಕೇಳಿದರು. ಈರುಳ್ಳಿ ಬೆಳ್ಳುಳ್ಳಿ ಪೌಷ್ಟಿಕಾಂಶದ ಮೂಲಗಳೇನೂ ಅಲ್ಲ ಎಂಬ ವಾದ ಸರಿ. ಆದರೆ ಕೊಪ್ಪಳ ರಾಯಚೂರಿನ ಯಾವ ಮನೆಯ ಸಾರಿನಲ್ಲಿ ಬೆಳ್ಳುಳ್ಳಿಯ ಒಗ್ಗರಣೆ ಇಲ್ಲ? ಬೆಳ್ಳುಳ್ಳಿ ಖಾರ ಸವರಿದ ರೊಟ್ಟಿ ತಿಂದು ಬೆಳೆದ ಮಗುವಿಗೆ ಶಾಲೆಯ ಊಟ ನೆಂಟರ ಮನೆಯ ಊಟದಂತೆ ತೋರಿದರೆ ತಪ್ಪು ಮಗುವಿನದಲ್ಲ.

ಮೊಟ್ಟೆಯ ವಿಷಯದಲ್ಲಿ ಲೆಕ್ಕ ಇನ್ನಷ್ಟು ನಿಚ್ಚಳ. ಅದು ರುಚಿಯ ಪ್ರಶ್ನೆಯೂ ಅಲ್ಲ. ಅಗ್ಗದಲ್ಲಿ ಸಿಗುವ, ಕಲಬೆರಕೆ ಮಾಡಲಾಗದ, ತೆಳ್ಳಗೆ ಮಾಡಿ ಬಡಿಸಲಾಗದ ಪೌಷ್ಟಿಕಾಂಶ ಅದು. ಬೇಳೆಗೆ ನೀರು ಬೆರೆಸಬಹುದು, ಹಾಲಿಗೂ ಬೆರೆಸಬಹುದು, ಮೊಟ್ಟೆಯನ್ನು ಮಾತ್ರ ಒಂದು ಎಂದರೆ ಒಂದನ್ನೇ ಕೊಡಬೇಕು. ತಿನ್ನದವರಿಗೆ ಬಾಳೆಹಣ್ಣಿನ ಆಯ್ಕೆಯೂ ಇತ್ತು. ಆದರೂ 2021ರಲ್ಲಿ ಕೆಲವು ಸ್ವಾಮೀಜಿಗಳು ಬೀದಿಗಿಳಿದು ವಿರೋಧಿಸುವ ಎಚ್ಚರಿಕೆ ಕೊಟ್ಟರು. ಆಗ ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬಳು, ನಮಗೆ ಮೊಟ್ಟೆ ಬೇಕು, ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಆಡಿದ ಮಾತಿನ ವಿಡಿಯೊ ರಾಜ್ಯದ ತುಂಬ ಹರಿದಾಡಿತು. ಲಕ್ಕಮ್ಮನ ಸೀಮೆಯ ಮಗಳಿಗೆ ತಕ್ಕ ಮಾತು. ಅಲ್ಲಿಯವರೆಗೆ ಮೊಟ್ಟೆಯ ಬಗ್ಗೆ ಸಚಿವರು ಮಾತನಾಡಿದ್ದರು, ಮಠಗಳು ಮಾತನಾಡಿದ್ದವು, ತಜ್ಞರು ಮಾತನಾಡಿದ್ದರು; ತಿನ್ನುವವರ ದನಿ ಕೇಳಿಬಂದದ್ದು ಆಗಲೇ. ಯೋಜನೆ ಮುಂದೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸುಮಾರು 1,500 ಕೋಟಿ ರೂಪಾಯಿಯ ನೆರವಿಗೆ ಒಪ್ಪಿದ ಮೇಲೆ ವಾರದ ಆರು ದಿನವೂ ಮೊಟ್ಟೆ ಕೊಡುವ ಏರ್ಪಾಡಾಯಿತು. ಸಸ್ಯಾಹಾರಿಯಾದ ಸ್ವಾಮೀಜಿಯೊಬ್ಬರು ತಮ್ಮ ಮಠದ ಪಂಕ್ತಿಯಲ್ಲಿ ಮೊಟ್ಟೆ ಬಡಿಸಬೇಕೆಂದು ಯಾರೂ ಕೇಳಲಾರರು, ಕೇಳಲೂ ಬಾರದು. ಸಾರ್ವಜನಿಕ ಹಣದಲ್ಲಿ, ಅನ್ಯರ ಮಕ್ಕಳ ತಟ್ಟೆಯಲ್ಲಿ ಏನಿರಬೇಕೆಂಬ ಪ್ರಶ್ನೆ ಬಂದಾಗ ತನ್ನ ವ್ರತವನ್ನು ತನ್ನ ಹೊಸ್ತಿಲೊಳಗೇ ಇಟ್ಟುಕೊಳ್ಳುವುದು ಧರ್ಮನಾಯಕನಿಗೆ ಅನ್ನದಾನಕ್ಕಿಂತಲೂ ಕಷ್ಟದ ತ್ಯಾಗ. ಹಾಗೆ ಮೌನವಾಗಿ ಇಟ್ಟುಕೊಂಡವರೂ ಅನೇಕರಿದ್ದರು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಗದ್ದಲ ಮಾಡದವರ ಹೆಸರು ಸುದ್ದಿಯಾಗುವುದಿಲ್ಲ.

ಬಡಿಸುವುದರಾಚೆಗೆ, ಆಳುವವರನ್ನು ಒತ್ತಾಯಿಸುವ ಇನ್ನೊಂದು ದಾರಿ ಇದೆ. ಅಮೆರಿಕದ ಓಹಾಯೊ ರಾಜ್ಯದ ಸಂಸದರಾಗಿದ್ದ ಟೋನಿ ಹಾಲ್ ಕ್ರೈಸ್ತ ಶ್ರದ್ಧೆಯ ವ್ಯಕ್ತಿ. ಎಂಬತ್ತರ ದಶಕದ ಇಥಿಯೋಪಿಯಾದ ಕ್ಷಾಮವನ್ನು ಕಣ್ಣಾರೆ ಕಂಡವರು. ಹಸಿವಿಗೆಂದೇ ಇದ್ದ ಸಂಸತ್ತಿನ ವಿಶೇಷ ಸಮಿತಿಯ ಅಧ್ಯಕ್ಷ ಮಿಕ್ಕಿ ಲೇಲಂಡ್ 1989ರಲ್ಲಿ ಅದೇ ಇಥಿಯೋಪಿಯಾಕ್ಕೆ ನೆರವಿನ ಕೆಲಸಕ್ಕೆ ಹೋಗಿದ್ದಾಗ ವಿಮಾನ ದುರಂತದಲ್ಲಿ ತೀರಿಕೊಂಡರು. ಆ ಸ್ಥಾನಕ್ಕೆ ಹಾಲ್ ಬಂದರು. 1993ರಲ್ಲಿ ಉಳಿತಾಯದ ಹೆಸರಿನಲ್ಲಿ ಆ ಸಮಿತಿಯನ್ನೇ ರದ್ದುಪಡಿಸಿದಾಗ ಅವರು ಬರೀ ನೀರು ಕುಡಿದು 22 ದಿನ ಉಪವಾಸ ಕುಳಿತರು. ಸಮಿತಿ ಮರಳಿ ಬರಲಿಲ್ಲ. ಆದರೆ ಅದೇ ವರ್ಷ ಹಸಿವಿನ ವಿರುದ್ಧದ ಕೆಲಸಕ್ಕೆ ಕಾರ್ಯಕರ್ತರನ್ನು ತರಬೇತುಗೊಳಿಸುವ ಹೊಸ ಕೇಂದ್ರ ಹುಟ್ಟಿತು, ವಿಶ್ವಬ್ಯಾಂಕು ಹಸಿವನ್ನು ಕುರಿತು ಸಮಾವೇಶ ಕರೆಯಿತು. ಮುಂದೆ ಹಾಲ್ ರೋಮ್‌ನಲ್ಲಿರುವ ವಿಶ್ವಸಂಸ್ಥೆಯ ಆಹಾರ ಸಂಸ್ಥೆಗಳಿಗೆ ತಮ್ಮ ದೇಶದ ರಾಯಭಾರಿಯಾದರು. ಉಪವಾಸದ ಅರ್ಥ ಬಲ್ಲ ನಮಗೆ ಇದರ ತೂಕ ಬೇಗ ತಿಳಿಯುತ್ತದೆ. ಅಲ್ಲಿ ಒಬ್ಬ ಮನುಷ್ಯ ತನ್ನ ಶ್ರದ್ಧೆಯನ್ನು ಅಡುಗೆಮನೆಗೆ ಒಯ್ಯದೆ, ಹಸಿವನ್ನು ಮರೆಯಲು ಹೊರಟಿದ್ದ ಸಂಸತ್ತಿನ ಬಾಗಿಲಿಗೆ ಒಯ್ದ.

ನಮ್ಮ ಭಾಗದ ಮಠಾಧೀಶರಿಗೆ ಆಳುವವರ ಬಾಗಿಲು ತಟ್ಟುವ ಅವಶ್ಯಕತೆಯೇ ಇಲ್ಲ. ಆಳುವವರೇ ಇವರ ಬಾಗಿಲಿಗೆ ಬರುತ್ತಾರೆ. ಮೀಸಲಾತಿ, ನಿಗಮ, ಅನುದಾನ, ಸಚಿವ ಸ್ಥಾನಗಳ ಬಗ್ಗೆ ವೇದಿಕೆಯಿಂದಲೇ ಖಡಾಖಂಡಿತವಾಗಿ ಕೇಳಿದ ಪೀಠಗಳು ರಾಜ್ಯದಲ್ಲಿ ಕಡಿಮೆ ಏನಿಲ್ಲ. ಅಂಗನವಾಡಿಯ ತೂಕದ ಯಂತ್ರ ಕೆಟ್ಟಿರುವ ಬಗ್ಗೆ, ಬಿಸಿಯೂಟದ ಅಡುಗೆಯವರ ಗೌರವಧನ ತಿಂಗಳುಗಟ್ಟಲೆ ಬಾಕಿ ಉಳಿಯುವ ಬಗ್ಗೆ, ಗಣಿ ಜಿಲ್ಲೆಯ ಖನಿಜ ಪ್ರತಿಷ್ಠಾನದ ಹಣದಲ್ಲಿ ಮಕ್ಕಳ ಪೌಷ್ಟಿಕತೆಗೆ ಎಷ್ಟು ಹೋಯಿತು, ಕಟ್ಟಡಗಳಿಗೆ ಎಷ್ಟು ಹೋಯಿತು ಎಂಬುದರ ಬಗ್ಗೆ ಅಷ್ಟೇ ಗಟ್ಟಿಯಾಗಿ ಕೇಳಿದ ಪ್ರವಚನವನ್ನು ನಾನಂತೂ ಕೇಳಿಲ್ಲ. ಬಳ್ಳಾರಿಯ ನೆಲ ಬಗೆದು ಬಂದ ಹಣ ಅಲ್ಲಿಯೇ ಖರ್ಚಾಗಲೆಂದು 2015ರ ಕಾಯ್ದೆ ತಿದ್ದುಪಡಿ ಅಂಥ ಪ್ರತಿಷ್ಠಾನಗಳನ್ನು ಹುಟ್ಟುಹಾಕಿತು. ಸಂವಿಧಾನದ 371 ಜೆ ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಮಂಡಳಿಯ ಹಣವೂ ಇದೆ. ಈ ಸೀಮೆಯ ಹಸಿವಿಗೆ ಕಾರಣ ಬರೀ ಹಣದ ಕೊರತೆ ಎಂದು ಇನ್ನು ಹೇಳಲಾಗದು.

ಪಂಕ್ತಿಯ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಹೋಟೆಲು, ಕ್ಷೌರದಂಗಡಿಗಳ ಪ್ರವೇಶ ನಿರಾಕರಣೆಯ ವಿವಾದದ ಹಿನ್ನೆಲೆಯಲ್ಲಿ 2014ರಲ್ಲಿ ದಲಿತರ ಮೇಲೆ ದಾಳಿ ನಡೆದು, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಜಾತ್ರೆಯ ದಾಸೋಹದಲ್ಲಿ ಒಟ್ಟಿಗೆ ಕುಳಿತು ಉಣ್ಣುವ ಜಿಲ್ಲೆಯಲ್ಲಿಯೇ ಊರಿನ ಹೋಟೆಲಿನಲ್ಲಿ ಒಟ್ಟಿಗೆ ಚಹಾ ಕುಡಿಯಲಾಗದ ಸ್ಥಿತಿ ಇತ್ತು. ದಾಸೋಹದ ಪಂಕ್ತಿ ಜಾತ್ರೆಯ ಮೈದಾನ ದಾಟಿ ಊರೊಳಗೆ ಬರಬೇಕಾದರೆ, ರೊಟ್ಟಿಗಾಗಿ ಹಳ್ಳಿಗೆ ಕೇಳಿಕೆ ಕಳಿಸುವ ಅದೇ ದನಿ ಇದಕ್ಕಾಗಿಯೂ ಹಳ್ಳಿಗೆ ಹೋಗಬೇಕಾಗುತ್ತದೆ.

ಲೆಕ್ಕಪತ್ರದ ಪ್ರಶ್ನೆಯೂ ಇದೆ. ದೊಡ್ಡ ಸಂಸ್ಥೆಗಳಲ್ಲಿ ಅದು ಬಹಿರಂಗವಾಗುತ್ತದೆ: 2020ರಲ್ಲಿ ಅಕ್ಷಯ ಪಾತ್ರದ ಕೆಲವು ಸ್ವತಂತ್ರ ಟ್ರಸ್ಟಿಗಳು ಆಡಳಿತದ ಕುರಿತ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟಾಗ, ದೇವಾಲಯದ ಟ್ರಸ್ಟು ಎಲ್ಲಿ ಮುಗಿಯುತ್ತದೆ, ಅನ್ನದ ಟ್ರಸ್ಟು ಎಲ್ಲಿ ಶುರುವಾಗುತ್ತದೆ ಎಂಬ ಚರ್ಚೆ ಪತ್ರಿಕೆಗಳಲ್ಲಿ ನಡೆಯಿತು. ಸಣ್ಣ ಮಠಗಳಲ್ಲಿ ಕೇಳುವುದೇ ಅಪಚಾರವೆನಿಸುತ್ತದೆ. ಅಲ್ಲಿನ ಬಹುಪಾಲು ಸ್ವಾಮಿಗಳು ಪ್ರಾಮಾಣಿಕರು ಎಂಬುದು ನನ್ನ ಅನುಭವ. ಆದರೆ ಒಬ್ಬರ ಪ್ರಾಮಾಣಿಕತೆ ಅವರ ನಂತರದವರಿಗೆ ಪಿತ್ರಾರ್ಜಿತವಾಗಿ ಬರುವುದಿಲ್ಲ, ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ ಬರುತ್ತದೆ.

ಇಷ್ಟಾದ ಮೇಲೆ ಮಾನ್ವಿಯ ಕಡೆ ನೋಡಬೇಕು. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿ ಊಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಜಾರಿಯಾಗುವ ಮೊದಲು ಪ್ರಯೋಗಕ್ಕೆಂದು ಆಯ್ದ ಕೆಲವೇ ತಾಲ್ಲೂಕುಗಳಲ್ಲಿ ಮಾನ್ವಿಯೂ ಒಂದು. ಅನ್ನ, ಸಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ: ಊಟದ ಪಟ್ಟಿಯಲ್ಲಿ ದೋಷವಿರಲಿಲ್ಲ. ತೊಂದರೆ ಇದ್ದದ್ದು ನಡಿಗೆಯಲ್ಲಿ. ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಬೆಳಗಾಗುತ್ತಲೇ ಹೊಲಕ್ಕೆ ಹೋದ ಬಸುರಿ ಹೆಂಗಸು ಮಧ್ಯಾಹ್ನ ಒಂದು ಊಟಕ್ಕಾಗಿ ಅಂಗನವಾಡಿಗೆ ಮರಳಿ ಬರುವಂತಿಲ್ಲ, ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಹಸಿ ಬಾಣಂತಿ ಹೊಸ್ತಿಲು ದಾಟುವ ಪದ್ಧತಿ ಇಲ್ಲ. ತಾನೊಬ್ಬಳೇ ಹೋಗಿ ಉಂಡು ಬರುವುದಕ್ಕೆ ಮನೆಯಲ್ಲಿ ಅತ್ತೆ, ಗಂಡ, ಮಕ್ಕಳ ಮುಖ ನೋಡಿ ಸಂಕೋಚಪಡುವವರೂ ಇದ್ದಾರೆ. ಈ ಸಂಕೋಚವನ್ನು ಸರ್ಕಾರಿ ಸುತ್ತೋಲೆ ಮುರಿಯಲಾರದು. ಅಜ್ಜಾರು, ಅಂದರೆ ಮಠದ ಸ್ವಾಮಿಗಳು, ಒಂದು ಮಾತು ಹೇಳಿದರೆ ಮುರಿಯಬಹುದು. ಬಸುರಿಯ ಊಟ ಮೊದಲು, ಉಳಿದವರದು ಆಮೇಲೆ ಎಂದು ಜಾತ್ರೆಯ ವೇದಿಕೆಯಿಂದ ಹೇಳಿದ ಮಾತಿಗೆ ಈ ಸೀಮೆಯಲ್ಲಿ ಯಾವ ಇಲಾಖೆಯ ಜಾಹೀರಾತಿಗೂ ಇಲ್ಲದ ಬಲವಿದೆ.

ಹೇಳುವ ಹೊತ್ತೂ ಅದೇ. ಮುಂಗಾರಿನ ಸುಗ್ಗಿ ಮುಗಿದು, ಹಿಂಗಾರಿ ಕೈಹತ್ತದ ವರ್ಷಗಳಲ್ಲಿ ಜನ ಗುಳೆ ಹೊರಡುವುದು ಜಾತ್ರೆಯ ಆಸುಪಾಸಿನಲ್ಲಿಯೇ. ರೊಟ್ಟಿ ಇಳಿಸಿದ ಟ್ರ್ಯಾಕ್ಟರುಗಳು ಖಾಲಿಯಾಗಿ ಊರಿಗೆ ಹಿಂದಿರುಗುವ ವಾರಗಳಲ್ಲೇ ಕುಷ್ಟಗಿ, ಲಿಂಗಸುಗೂರು, ದೇವದುರ್ಗದ ಬಸ್ ನಿಲ್ದಾಣಗಳಲ್ಲಿ ಚೀಲ, ಹಾಸಿಗೆ ಸುರುಳಿ, ಕಂಕುಳಲ್ಲಿ ಕೂಸು ಸಹಿತ ಕುಟುಂಬಗಳು ಬೆಂಗಳೂರಿನ ಬಸ್ಸಿಗೆ ಕಾಯುತ್ತಿರುತ್ತವೆ. ಯಾವ ಮನೆಯಿಂದ ಎಷ್ಟು ರೊಟ್ಟಿ ಬಂತೆಂಬುದು ಪ್ರತಿ ಹಳ್ಳಿಯ ಹಿರಿಯರ ಬಾಯಲ್ಲಿದೆ. ಯಾವ ಮನೆಗೆ ಬೀಗ ಬಿತ್ತು, ಅದರೊಳಗಿನ ಎರಡು ವರ್ಷದ ಕೂಸಿನ ಹೆಸರು ಯಾವ ಅಂಗನವಾಡಿಯ ಹಾಜರಿ ಪುಸ್ತಕದಿಂದ ಬಿಟ್ಟುಹೋಯಿತು, ಹೋದ ಊರಿನಲ್ಲಿ ಯಾವ ಪುಸ್ತಕಕ್ಕೆ ಸೇರಿತು ಎಂಬುದನ್ನು ಬರೆದಿಡುವ ಕೆಲಸ ಇನ್ನೂ ಯಾವ ದಾಸೋಹದ ಉಗ್ರಾಣದಲ್ಲೂ ಶುರುವಾಗಿಲ್ಲ.